ಕದಲದ ಅಂಕಿಗಳು

ಅಪ್ಪ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು. ಅವ್ವ ಅಡಿಗೆಗೆ ಉಪ್ಪು ಕಡಿಮೆ ಮಾಡಿದಳು, ಕರಿದ ತಿಂಡಿ ನಿಲ್ಲಿಸಿದಳು, ಅಷ್ಟರಲ್ಲಿ ಅವಳ ಭಯ ಒಂದು ಹದಕ್ಕೆ ಬಂತು. ನನ್ನದು ಬರಲಿಲ್ಲ. ಅಪ್ಪ ಕೆಮ್ಮಿದರೆ ಪಕ್ಕದ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವನಿಗೆ ಸಿಟ್ಟು ಬರುತ್ತಿತ್ತು.

"ನಾನೇನು ಗಾಜಿನ ಲೋಟ ಅಲ್ಲ ಕಣವ್ವ, ಹೋಗಿ ಮಲಕ್ಕೋ," ಅನ್ನುತ್ತಿದ್ದ.

ಚಳ್ಳಕೆರೆಯ ಮಾರುಕಟ್ಟೆಯ ಹತ್ತಿರ ಬಹಳ ವರ್ಷ ಶೇಂಗಾ ವ್ಯಾಪಾರ ಮಾಡಿದವನು ಅಪ್ಪ. ಅಂಗಡಿಯನ್ನು ಅಣ್ಣನಿಗೆ ಒಪ್ಪಿಸಿದ ಮೇಲೆ ಅವನಿಗೆ ಗುಡ್ಡದ ಹುಚ್ಚು ಹಿಡಿಯಿತು. ವಾರಕ್ಕೊಮ್ಮೆಯಾದರೂ ಬೈಕ್ ಹತ್ತಿ ತಳಕು ದಾಟಿ ಮೊಳಕಾಲ್ಮೂರಿನ ಕಡೆ ಹೋಗುತ್ತಿದ್ದ. ಬ್ರಹ್ಮಗಿರಿಯಲ್ಲಿ ಶಾಸನದ ಬಂಡೆಯನ್ನು ನೋಡಲು ಬರುವವರು ನೋಡಿ ಹಿಂದಿರುಗುತ್ತಾರೆ. ಅಪ್ಪ ಅಲ್ಲಿಂದ ಮುಂದಕ್ಕೆ ಹೋಗುತ್ತಿದ್ದ. ಹಿಂದಿನ ಬಂಡೆಗಳ ನಡುವೆ ಅಲೆದು, ಯಾವುದಾದರೂ ಕಲ್ಲಿನ ಮೇಲೆ ಗೀರು ಕಂಡರೆ ಅದು ಮನುಷ್ಯರು ಕೊರೆದದ್ದೋ, ಮಳೆ ಕೊರೆದದ್ದೋ ಎಂದು ಯೋಚಿಸುತ್ತ ಕೂರುತ್ತಿದ್ದ. ಫೋಟೊ ತೆಗೆದು ತಂದು ನಮಗೆ ತೋರಿಸುತ್ತಿದ್ದ. ನಮಗೆ ಎಲ್ಲವೂ ಒಂದೇ ಥರ ಕಾಣುತ್ತಿತ್ತು.

ಸ್ಟೆಂಟ್ ಆದ ಮೇಲೆ ಇದು ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ನಡೆಯುವುದು ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದಾರೆ ಅನ್ನುವುದು ಅವನ ವಾದ. ಕೊನೆಗೆ ನಾನು ಅವನ ಫೋನಿಗೆ ಒಂದು ಆ್ಯಪ್ ಹಾಕಿದೆ. ಅವನು ಎಲ್ಲೆಲ್ಲಿ ನಡೆದನೋ ಅದನ್ನು ಆ ಆ್ಯಪ್ ಸ್ವಲ್ಪ ಸ್ವಲ್ಪ ಹೊತ್ತಿಗೆ ಗುರುತು ಹಾಕಿಕೊಂಡು, ಸಿಗ್ನಲ್ ಸಿಕ್ಕಾಗೆಲ್ಲ ನನ್ನ ಖಾತೆಗೆ ಒಂದು ಫೈಲ್ ಕಳಿಸುತ್ತಿತ್ತು. ಅಪ್ಪ ಅದಕ್ಕೂ ಗೊಣಗಿದ.

"ಕುರಿ ಕಾಯ್ದಂಗೆ ಕಾಯ್ತೀಯಾ?" ಅಂದ. ಆದರೆ ತೆಗೆಸಲಿಲ್ಲ.

ಬೇಸಿಗೆ ಶುರುವಾಗುತ್ತಿದ್ದ ದಿನಗಳು. ಅವತ್ತು ಅಪ್ಪ ಬೆಳಗ್ಗೆ ಬೇಗ ಹೊರಟಿದ್ದ. ನಾನು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮಧ್ಯಾಹ್ನದ ತರಗತಿ ಮುಗಿಸಿ ಲ್ಯಾಬಿನಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಅವ್ವನ ಫೋನ್ ಬಂತು.

"ನಿಮ್ಮಪ್ಪ ಊಟಕ್ಕೆ ಬಂದಿಲ್ಲ ಕಣೆ. ಫೋನ್ ಹತ್ತವಲ್ದು. ಮಾತ್ರೆ ಬ್ಯಾರೆ ಇಲ್ಲೇ ಐತೆ."

"ಎಷ್ಟೊತ್ತಿಂದ ಹತ್ತವಲ್ದು?"

"ಆಗ್ಲಿಂದ ಮಾಡ್ತಾನೇ ಇದೀನಿ. ಸ್ವಿಚ್ ಆಫ್ ಅಂತೈತೆ."

ಅವ್ವನ ದನಿ ಏರಿರಲಿಲ್ಲ. ಅವಳು ನಿಜವಾಗಿ ಹೆದರಿದಾಗ ಅವಳ ದನಿ ಹೀಗೆ ಸಪಾಟಾಗುತ್ತದೆ. ಅಣ್ಣ ಸರಕಿನ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದ. ಮೊಳಕಾಲ್ಮೂರಿನಲ್ಲಿ ಚಿಕ್ಕಪ್ಪ ಇದ್ದಾರೆ, ಅವ್ವನ ತಂಗಿಯ ಗಂಡ. ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುವವರು. ಅವರಿಗೆ ಫೋನ್ ಮಾಡಿದೆ.

"ಭಾವ ಇಲ್ಲಿಗೂ ಬಂದಿಲ್ಲಮ್ಮಾ," ಅಂದರು ಚಿಕ್ಕಪ್ಪ. "ಬ್ರಹ್ಮಗಿರಿಗೆ ಹೋಗಿದ್ರೆ ಸಿದ್ದಾಪುರದಾಗೆ ಬೈಕ್ ನಿಲ್ಲಿಸಿರ್ತಾರೆ. ನಾನು ಹೋಗಿ ನೋಡ್ತೀನಿ. ಆದ್ರೆ ಗುಡ್ಡ ದೊಡ್ಡದು. ಯಾ ಕಡೆ ಅಂತ ಹುಡುಕ್ಲಿ? ಕತ್ಲಾಗೋದ್ರೊಳಗೆ ಆಗ್ಬೇಕು. ಸಂಜಿಗೆ ಕರಡಿ ಇಳಿತಾವೆ."

ಕರಡಿಯ ಮಾತನ್ನು ಅವರು ಬೇಕೆಂದು ಆಡಲಿಲ್ಲ. ಆ ಕಡೆಯವರಿಗೆ ಅದು ದಿನನಿತ್ಯದ ವಿಷಯ.

ಆ್ಯಪ್ ತೆರೆದೆ. ಅದರ ನಕ್ಷೆಯಲ್ಲಿ ಅಪ್ಪ ಇನ್ನೂ ಬೆಳಗ್ಗೆ ಸಿದ್ದಾಪುರದಲ್ಲಿ ಬೈಕ್ ನಿಲ್ಲಿಸಿದ ಜಾಗದಲ್ಲೇ ಇದ್ದ. ಆಮೇಲಿನದು ಏನೂ ಇಲ್ಲ. ಖಾತೆಯನ್ನು ನೋಡಿದರೆ, ಅಲ್ಲಿ ಅವತ್ತಿನ ಒಂದು ಫೈಲ್ ಬಂದು ಬಿದ್ದಿತ್ತು. ಅದನ್ನು ನಕ್ಷೆಯ ಪ್ರೋಗ್ರಾಮಿಗೆ ಕೊಟ್ಟೆ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಫೈಲ್ ದೋಷಪೂರಿತ, ತೆರೆಯಲಾಗದು.

ಕಾರಣ ನನಗೆ ತಿಳಿಯಿತು. ಇಂಥ ಫೈಲುಗಳಲ್ಲಿ ಪ್ರತಿಯೊಂದು ಮಾಹಿತಿಗೂ ತೆರೆಯುವ ಗುರುತು ಒಂದು, ಮುಚ್ಚುವ ಗುರುತು ಒಂದು ಇರುತ್ತದೆ. ಅದನ್ನು ಓದುವ ಪಾರ್ಸರ್ ಎಂಬ ಪ್ರೋಗ್ರಾಮು ಬಹಳ ಕಟ್ಟುನಿಟ್ಟು. ತೆರೆದದ್ದೆಲ್ಲ ಮುಚ್ಚಿರಬೇಕು, ಇಲ್ಲದಿದ್ದರೆ ಪೂರ್ತಿ ಫೈಲನ್ನೇ ಮುಟ್ಟುವುದಿಲ್ಲ. ಅಪ್ಪನ ಫೈಲು ಕಳಿಸುವಾಗಲೇ ಎಲ್ಲೋ ನಡುವೆ ಕತ್ತರಿಸಿ ಹೋಗಿತ್ತು. ಸಿಗ್ನಲ್ ಹೋಗಿರಬಹುದು, ಫೋನ್ ಸತ್ತಿರಬಹುದು. ಫೋನ್ ಸತ್ತಿರಬಹುದು ಎಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಆ ಶಬ್ದ ಬೇಡವಾಗಿತ್ತು ಅನ್ನಿಸಿತು.

ಫೈಲನ್ನು ಬರಿಯ ಬರಹವಾಗಿ ತೆರೆದೆ. ಆ ಆ್ಯಪ್ ಸಾಲುಗಳನ್ನೇ ಮುರಿಯದೆ ಎಲ್ಲವನ್ನೂ ಒಂದೇ ಉದ್ದಕ್ಕೆ ಬರೆದಿತ್ತು. ಪರದೆಯ ತುಂಬ ಗುರುತುಗಳು, ಅಂಕಿಗಳು, ಮತ್ತೆ ಅವೇ ಗುರುತುಗಳು, ಬೇರೆ ಅಂಕಿಗಳು. ಅಪ್ಪ ಹಾಕಿದ ಒಂದೊಂದು ಹೆಜ್ಜೆಯ ಜಾಗ, ಎತ್ತರ, ಸಮಯ ಅದರಲ್ಲಿತ್ತು. ಕಣ್ಣಿನಿಂದ ಓದಿ ಹೆಕ್ಕುತ್ತ ಕೂತರೆ ಸಂಜೆಯಾಗುತ್ತದೆ.

ಹೀಗೆ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುವ ಮಾಹಿತಿಯನ್ನು ಹೆಕ್ಕಿ ತೆಗೆಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸೂತ್ರಗಳಿವೆ. ಹುಡುಕಬೇಕಾದದ್ದರ ಅಚ್ಚನ್ನು ಕೆಲವು ಚಿಹ್ನೆಗಳಲ್ಲಿ ಬರೆದುಕೊಟ್ಟರೆ ಕಂಪ್ಯೂಟರ್ ಆ ಅಚ್ಚಿಗೆ ಹೊಂದುವ ಎಲ್ಲವನ್ನೂ ಹೊರಗೆಳೆಯುತ್ತದೆ. ಫೈಲು ಮುರಿದಿದ್ದರೂ ಅದಕ್ಕೆ ಚಿಂತೆಯಿಲ್ಲ. ಅದೇ ನನ್ನ ಪಾಠ. ವರ್ಷ ವರ್ಷವೂ ಅದನ್ನೇ ಹೇಳಿಕೊಡುತ್ತೇನೆ. ಅವತ್ತು ಮಾತ್ರ ಒಂದೊಂದು ಚಿಹ್ನೆಯನ್ನೂ ಎರಡೆರಡು ಸಲ ಅಳಿಸಿ ಒತ್ತಿದೆ.

ಮೊದಲ ಸೂತ್ರ ಬರೆದು ಓಡಿಸಿದೆ. ಒಂದೇ ಒಂದು ಉತ್ತರ ಬಂತು. ನೋಡಿದರೆ, ಮೊದಲ ಅಂಕಿಯ ಆರಂಭದಿಂದ ಕೊನೆಯ ಅಂಕಿಯ ಅಂತ್ಯದವರೆಗೆ ಇಡೀ ಫೈಲನ್ನು ಒಂದೇ ತುತ್ತಿಗೆ ನುಂಗಿ ಅದನ್ನೇ ಉತ್ತರವೆಂದು ಕೊಟ್ಟಿತ್ತು. ಆ ಸೂತ್ರಗಳ ಸ್ವಭಾವವೇ ಹಾಗೆ, ಬಿಟ್ಟರೆ ಸಿಕ್ಕಷ್ಟನ್ನೂ ಬಾಚಿಕೊಳ್ಳುತ್ತವೆ. ಸೂತ್ರದ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಮೊದಲು ಸಿಗುವ ಮುಚ್ಚುವ ಗುರುತಿಗೇ ನಿಲ್ಲುತ್ತದೆ. ಹಾಕಿದೆ. ಈಗ ಅಂಕಿಗಳು ಜೋಡಿ ಜೋಡಿಯಾಗಿ ಸುರಿದವು. ಕೊನೆಯ ಜೋಡಿಯನ್ನು ನಕಲು ಮಾಡಿ ನಕ್ಷೆಯಲ್ಲಿ ಹಾಕಿದೆ.

ನಕ್ಷೆ ಗಿರ್ರನೆ ತಿರುಗಿ ಉತ್ತರಕ್ಕೆ ಹೋಯಿತು. ಹಿಮಾಲಯ ದಾಟಿತು, ರಷ್ಯಾ ದಾಟಿತು, ಭೂಮಿಯ ನೆತ್ತಿಯ ಹತ್ತಿರ ಒಂದು ನೀಲಿ ಸಮುದ್ರದ ನಡುವೆ ಕೆಂಪು ಗುರುತು ನೆಟ್ಟು ನಿಂತಿತು. ಸುತ್ತ ಏನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅವತ್ತು ಆ ನೀಲಿಯನ್ನು ನೋಡಿ, ಅಪ್ಪ ನಿಜವಾಗಿಯೂ ಅಲ್ಲಿ ಮುಳುಗಿದ್ದಾನೆ ಅನ್ನಿಸಿತು.

ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಆಗ ಒಳಗೆ ಬಂದರು. ನನಗಿಂತ ಹಿರಿಯರು, ಮಾತು ಕಡಿಮೆ. ನನ್ನ ಮುಖ ನೋಡಿ, ಪರದೆ ನೋಡಿ, "ಏನಾತ್ರೀ ಮೇಡಂ?" ಅಂದರು. ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು ಅಂಕಿಗಳನ್ನು ನೋಡಿದರು.

"ನಮ್ ಕಡೆ ಅಕ್ಷಾಂಶ ಹದ್ನಾಕು, ರೇಖಾಂಶ ಎಪ್ಪತ್ತಾರು ಅಲ್ವೇನ್ರಿ? ಇದು ತಿರುವುಮುರುವು ಆಗೈತೆ."

ಆ ಆ್ಯಪ್ ರೇಖಾಂಶವನ್ನೇ ಮೊದಲು ಬರೆಯುತ್ತಿತ್ತು. ಅದಲು ಬದಲು ಮಾಡಿದೆ. ನಕ್ಷೆ ಅಷ್ಟೂ ದೂರ ವಾಪಸ್ ಬಂದು ಬ್ರಹ್ಮಗಿರಿಯ ಬೆನ್ನಿನ ಬಂಡೆಗಳ ಮೇಲೆ ನಿಂತಿತು. ಆ ಜಾಗವನ್ನು ಕೂಡಲೇ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದೆ.

ಆಮೇಲೆ ನಾನು ಕೊನೆಯ ಜೋಡಿಯ ಹಿಂದಿನವುಗಳನ್ನು ನೋಡಿದೆ. ನೋಡಬಾರದಿತ್ತು ಅನ್ನಿಸಿತು. ಬೆಳಗಿನ ಅಂಕಿಗಳು ಒಂದಕ್ಕೊಂದು ಬೇರೆ ಬೇರೆಯಾಗಿ, ಏರುತ್ತ ಇಳಿಯುತ್ತ, ಒಬ್ಬ ಮನುಷ್ಯ ನಡೆದ ಹಾಗೆ ಇದ್ದವು. ಒಂದು ಜಾಗದಿಂದ ಮುಂದಕ್ಕೆ ಅವೆಲ್ಲ ಒಂದೇ ಆಗಿದ್ದವು. ಅದೇ ಅಕ್ಷಾಂಶ, ಅದೇ ರೇಖಾಂಶ, ಕೆಳಗೆ ಮತ್ತೆ ಅದೇ, ಮತ್ತೆ ಅದೇ. ಸಮಯ ಮಾತ್ರ ಮುಂದೆ ಹೋಗುತ್ತಿತ್ತು. ಅಪ್ಪ ಕದಲಿರಲಿಲ್ಲ. ತರಗತಿಯಲ್ಲಿ ನಾನು ಹುಡುಗರಿಗೆ ಹೇಳುವುದು, ಒಂದೇ ಮೌಲ್ಯ ಮತ್ತೆ ಮತ್ತೆ ಬಂದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ ಎಂದು. ಇಲ್ಲಿ ಅಳಿಸಬೇಕಾದವುಗಳೇ ಸುದ್ದಿಯಾಗಿದ್ದವು.

ದಶಾಂಶದ ಕೊನೆಯ ಒಂದೆರಡು ಸ್ಥಾನಗಳಲ್ಲಿ ಮಾತ್ರ ಅಂಕಿ ಸ್ವಲ್ಪ ಅಲುಗಾಡುತ್ತಿತ್ತು. ಮೇಷ್ಟ್ರು ಅದನ್ನು ತೋರಿಸಿ, "ನೋಡ್ರಿ, ಅಲುಗಾಡ್ತಾರೆ," ಅಂದರು. ಅವರು ಸಮಾಧಾನಕ್ಕೆ ಹೇಳಿದ್ದು. ಆದರೆ ಕಲ್ಲಿನ ಮೇಲೆ ಸುಮ್ಮನೆ ಇಟ್ಟ ಫೋನಿನ ಅಂಕಿಯೂ ಹಾಗೆ ಅಲುಗಾಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರದಿದ್ದರೆ ಚೆನ್ನಾಗಿತ್ತು.

ಎತ್ತರದ ಅಂಕಿಗಳನ್ನೂ ಹೆಕ್ಕಿದೆ. ಎಲ್ಲವೂ ನಿಲ್ಲುವುದಕ್ಕೆ ತುಸು ಮುಂಚೆ ಎತ್ತರ ಸರಸರನೆ ಏರಿ, ಒಮ್ಮೆಲೇ ಕೆಳಗೆ ಬಿದ್ದಿತ್ತು. ಒಂದು ಮನೆಯ ಮಾಳಿಗೆಯಿಂದ ಬಿದ್ದಷ್ಟು. ಅದನ್ನು ಮೇಷ್ಟ್ರಿಗೆ ತೋರಿಸಲಿಲ್ಲ. ತೋರಿಸಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

"ಏಳ್ರಿ, ನನ್ ಕಾರಾಗೇ ಹೋಗಾಣ," ಅಂದರು ಮೇಷ್ಟ್ರು.

ತಳಕಿನ ದಾರಿ ಹಿಡಿದೆವು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಅವ್ವ ಫೋನ್ ಮಾಡುತ್ತಲೇ ಇದ್ದಳು. "ಎಲ್ಲಿದಾನೆ ಅಂತ ಗೊತ್ತಾಗೈತೆ ಅವ್ವ," ಅಂದೆ. "ಹೆಂಗಿದಾನೆ?" ಅಂದಳು. "ಹೋಗಿ ಫೋನ್ ಮಾಡ್ತೀನಿ," ಎಂದು ಇಟ್ಟುಬಿಟ್ಟೆ. ಹೃದಯಾಘಾತವಾದವರಿಗೆ ಎಷ್ಟು ಹೊತ್ತಿನೊಳಗೆ ಚಿಕಿತ್ಸೆ ಸಿಗಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಂಕಿಗಳು ನಿಂತ ಹೊತ್ತಿನಿಂದ ಆ ಅವಧಿ ಆಗಲೇ ಮೀರಿತ್ತು. ಅದನ್ನು ಲೆಕ್ಕ ಹಾಕಬಾರದೆಂದು ಎಷ್ಟು ತಡೆದರೂ ತಲೆ ಅದನ್ನೇ ಲೆಕ್ಕ ಹಾಕುತ್ತಿತ್ತು.

ಗುಡ್ಡದ ಬುಡಕ್ಕೆ ಬಂದಾಗ ಬಿಸಿಲು ಹಳದಿಯಾಗಿತ್ತು. ಅಪ್ಪನ ಬೈಕ್ ಒಂದು ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಮೇಲೆ ಕೈಯಿಟ್ಟರೆ ಸೀಟು ಕಾದಿತ್ತು. ಚಿಕ್ಕಪ್ಪ ಒಬ್ಬ ಕುರಿಗಾಹಿಯನ್ನು ಜೊತೆ ಮಾಡಿಕೊಂಡು ಕಾಯುತ್ತಿದ್ದರು. ನಡುವಯಸ್ಸಿನ ಆ ಮನುಷ್ಯ ಗಡಿಯಾಚೆಯ ಆಂಧ್ರದವನು, ತೆಲುಗು ಕನ್ನಡ ಬೆರೆಸಿ ಮಾತಾಡುತ್ತಿದ್ದ. ಕೈಯಲ್ಲಿ ಉದ್ದನೆಯ ಕೋಲು, ಹೆಗಲ ಮೇಲೆ ಕಂಬಳಿ. ನಾನು ಫೋನಿನಲ್ಲಿ ಜಾಗ ತೋರಿಸಿದಾಗ ಅವನು ಅದನ್ನು ನೋಡಲೇ ಇಲ್ಲ. ನಾನು ಕೈ ಮಾಡಿ ತೋರಿಸಿದ ಗುಡ್ಡದ ಓರೆಯನ್ನು ನೋಡಿ ಮುಖ ಸಣ್ಣದು ಮಾಡಿದ.

"ಅಕ್ಕಡಾ? ಅಲ್ಲಿ ಎಲುಗುಬಂಟಿ ಐತಮ್ಮಾ. ಮರಿ ಹಾಕೈತೆ."

"ಕರಡಿ ಅಂತಾನೆ," ಅಂದರು ಚಿಕ್ಕಪ್ಪ ಮೆಲ್ಲಗೆ. ಅವರು ಹೇಳದಿದ್ದರೂ ನನಗೆ ಅರ್ಥವಾಗಿತ್ತು.

ಹತ್ತತೊಡಗಿದೆವು. ಬಂಡೆಗಳು ಮನೆಗಳಷ್ಟು ದೊಡ್ಡವು, ಒಂದರ ಮೇಲೊಂದು ಒರಗಿ ನಡುವೆ ಕತ್ತಲ ಸಂದುಗಳು. ಫೋನಿನ ಮೇಲೆ ನನ್ನ ನೀಲಿ ಚುಕ್ಕೆ ಅಪ್ಪನ ಕೆಂಪು ಗುರುತಿನ ಕಡೆ ಸರಿಯುತ್ತಿತ್ತು. ಹತ್ತಿರವಾದಷ್ಟೂ ನನ್ನ ಕಾಲು ನಿಧಾನವಾಯಿತು. ಬೇಗ ಹೋಗಬೇಕು ಅನ್ನುವುದು ಒಂದು ಕಡೆ, ಏನನ್ನು ಕಾಣುತ್ತೇನೋ ಅನ್ನುವುದು ಇನ್ನೊಂದು ಕಡೆ. ಮೇಷ್ಟ್ರು ಹಿಂದಿನಿಂದ, "ನಾನು ಮುಂದೆ ಹೋಗ್ಲೇನ್ರಿ?" ಅಂದರು. ಬೇಡ ಅಂದೆ.

ಎರಡೂ ಗುರುತು ಒಂದಾದವು. ಒಂದು ಎತ್ತರದ ಬಂಡೆಯ ಬುಡದಲ್ಲಿದ್ದೆವು. ಅಪ್ಪ ಅಲ್ಲಿರಲಿಲ್ಲ.

ಚಿಕ್ಕಪ್ಪ ಬಗ್ಗಿ ಒಣಹುಲ್ಲಿನಿಂದ ಏನನ್ನೋ ಎತ್ತಿದರು. ಅಪ್ಪನ ಫೋನ್. ಗಾಜು ಒಡೆದಿತ್ತು, ಬಿಸಿಲಿಗೆ ಕಾದ ಹಂಚಿನಂತಿತ್ತು. ಅಷ್ಟೂ ಹೊತ್ತು ನನಗೆ ಅಪ್ಪ ಇಲ್ಲಿದ್ದಾನೆ ಎಂದು ಹೇಳುತ್ತಿದ್ದದ್ದು ಇದು. ಸ್ವಲ್ಪ ಆಚೆ ಅವನ ಕೈಚೀಲ ಬಿದ್ದಿತ್ತು. ಅದರ ಬಟ್ಟೆ ಉದ್ದಕ್ಕೆ ಹರಿದಿತ್ತು. ನೀರಿನ ಬಾಟಲಿ ಅಪ್ಪಚ್ಚಿಯಾಗಿ ಪಕ್ಕದಲ್ಲಿತ್ತು. ಕುರಿಗಾಹಿ ಆ ಹರಿದ ಬಟ್ಟೆಯ ಮೇಲೆ ಬೆರಳಾಡಿಸಿ ಚಿಕ್ಕಪ್ಪನ ಮುಖ ನೋಡಿದ.

ಅಂಕಿಗಳು ಮುಗಿದಿದ್ದವು. ಇದರಾಚೆಗೆ ಹೆಕ್ಕಲು ಏನೂ ಉಳಿದಿರಲಿಲ್ಲ. "ಅಪ್ಪಾ!" ಎಂದು ಕೂಗಿದೆ. ಬಂಡೆಗಳು ಅದನ್ನೇ ನನಗೆ ವಾಪಸ್ ಕೊಟ್ಟವು. ಮತ್ತೆ ಕೂಗಿ, ಎಡಗಡೆ ಎರಡು ಬಂಡೆಗಳ ನಡುವಿನ ಓಣಿಯಂಥ ಜಾಗದ ಕಡೆ ಓಡಿದೆ.

"ಬರಬ್ಯಾಡ! ಅಲ್ಲೇ ನಿಲ್ಲು! ಕರಡಿ ಐತೆ ಕಣೇ, ನಿಲ್ಲು!"

ದನಿ ಒಡೆದಿತ್ತು, ಅಪ್ಪನದೇ ಎಂದು ತಕ್ಷಣ ಗುರುತು ಸಿಗಲಿಲ್ಲ. ತಲೆಯೆತ್ತಿದೆ. ಓಣಿಯಾಚೆಯ ಬಂಡೆಯ ನೆತ್ತಿಯ ಮೇಲೆ ಅವನು ಮೊಣಕಾಲೂರಿ, ಎರಡೂ ಕೈ ಮುಂದೆ ಚಾಚಿ ನನ್ನನ್ನು ತಡೆಯುತ್ತಿದ್ದ. ಅವನ ಅಂಗಿಯ ಒಂದು ತೋಳು ಇರಲಿಲ್ಲ. ಅದೇ ಹೊತ್ತಿಗೆ ಓಣಿಯ ಕತ್ತಲೊಳಗೆ ಏನೋ ಉಸಿರುಬಿಟ್ಟಿತು. ಮನುಷ್ಯರು ಹಾಗೆ ಉಸಿರು ಬಿಡುವುದಿಲ್ಲ.

ಮೇಷ್ಟ್ರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಕಪ್ಪನೆಯದೊಂದು ಓಣಿಯ ಬಾಯಿಗೆ ಬಂದು ಎರಡು ಕಾಲಿನ ಮೇಲೆ ಎದ್ದು ನಿಂತಿತು. ಅದರ ಎದೆಯ ಮೇಲಿನ ಬಿಳಿ ಪಟ್ಟೆ, ಉದ್ದನೆಯ ಉಗುರುಗಳು ನನಗೆ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತವೆ. ಅಪ್ಪ ಮೇಲಿನಿಂದ ಸಣ್ಣ ಕಲ್ಲುಗಳನ್ನು ಎಸೆಯುತ್ತ ಅದನ್ನು ತನ್ನ ಕಡೆ ತಿರುಗಿಸಲು ನೋಡುತ್ತಿದ್ದ. "ಏಯ್! ಇಲ್ಲಿ ನೋಡು, ಇಲ್ಲಿ!" ಎಂದು ಕೂಗುತ್ತಿದ್ದ. ಅವನ ಹೃದಯದ ಬಗ್ಗೆ ನನಗೆ ಆಗ ನೆನಪೇ ಇರಲಿಲ್ಲ.

ಕುರಿಗಾಹಿ ಹೆದರಿದ್ದರೂ ಹೆದರಿದಂತೆ ಕಾಣಲಿಲ್ಲ. "ಓಡ್ಬ್ಯಾಡ್ರಿ. ಮೆಲ್ಲಗೆ ಹಿಂದಕ್ಕೆ. ಬೆನ್ನು ತೋರಿಸ್ಬ್ಯಾಡ್ರಿ," ಅಂದ. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದೆವು. ತಕ್ಕಷ್ಟು ದೂರ ಬಂದ ಮೇಲೆ ಅವನು ಒಣಹುಲ್ಲು, ಹಸಿ ಸೊಪ್ಪು ಒಟ್ಟಿ ಬರಿಯ ಕಲ್ಲಿನ ಮೇಲೆ ಬೆಂಕಿ ಹಚ್ಚಿದ. ದಟ್ಟ ಹೊಗೆ ಎದ್ದಿತು. ಚಿಕ್ಕಪ್ಪ ಕೆಳಗಿನ ಹೊಲದವರಿಗೆ ಫೋನ್ ಮಾಡಿದರು. ತಟ್ಟೆ, ಡಬ್ಬ ಬಡಿಯುತ್ತ ನಾಲ್ಕಾರು ಜನ ಮೇಲೆ ಬಂದರು. ಎಲ್ಲರೂ ಒಂದೇ ಕಡೆ ನಿಂತು, ಅದಕ್ಕೆ ಹೋಗಲು ಇನ್ನೊಂದು ಕಡೆ ದಾರಿ ಬಿಟ್ಟು ಗದ್ದಲ ಮಾಡಿದರು. ಸೂರ್ಯ ಮುಳುಗುವ ಹೊತ್ತಿಗೆ ಕರಡಿ ಓಣಿಯಿಂದ ಹೊರಬಂತು. ಬೆನ್ನ ಮೇಲೆ ಮರಿಯೊಂದು ಕೂದಲು ಹಿಡಿದು ಕೂತಿತ್ತು. ಅದು ನಮ್ಮ ಕಡೆ ಒಮ್ಮೆ ನೋಡಿ, ಬಂಡೆಗಳ ಮೇಲಿನಿಂದ ಆಚೆ ಇಳಿದುಹೋಯಿತು.

ಅಪ್ಪನನ್ನು ಇಳಿಸುವುದಕ್ಕೆ ಚಿಕ್ಕಪ್ಪ ಮತ್ತು ಕುರಿಗಾಹಿ ಮೇಲೆ ಹತ್ತಿದರು. ಅವನ ಹಿಮ್ಮಡಿ ಊದಿ ಕುಂಬಳಕಾಯಿಯಂತಾಗಿತ್ತು. ತುಟಿ ಒಡೆದು ರಕ್ತ ಬಂದಿತ್ತು. ಕೆಳಗಿಳಿದವನು ನನ್ನನ್ನು ನೋಡಿ ಮೊದಲು ಹೇಳಿದ್ದು ಬೈಗುಳ.

"ನಿನಗೇನು ಬುದ್ಧಿ ಗಿದ್ದಿ ಐತೇನೆ? ಅದರ ಬಾಯೊಳಗೇ ಓಡಿ ಬರ್ತೀಯಾ?"

ಆಮೇಲೆ ನನ್ನ ಕೈ ಹಿಡಿದುಕೊಂಡ. ಕಾರು ಹತ್ತುವವರೆಗೂ ಬಿಡಲಿಲ್ಲ.

ಮೊಳಕಾಲ್ಮೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತುಂಡು ತುಂಡಾಗಿ ಹೇಳಿದ. ಫೋನ್ ಸಿಕ್ಕ ಜಾಗದ ಬಂಡೆಯ ಮೇಲೆ ನಿಂತು ಒಂದು ಗೀರಿನ ಫೋಟೊ ತೆಗೆಯುತ್ತಿದ್ದನಂತೆ. ಕೆಳಗಿನಿಂದ ಕರಡಿ ಎದ್ದು ಬಂತು. ಹೌಹಾರಿ ಫೋನ್ ಬಿಟ್ಟ. ಚೀಲ ಎಸೆದ. ಅದು ಚೀಲದ ಮೇಲೆ ಬಿದ್ದು ಹರಿಯುತ್ತಿದ್ದ ಹೊತ್ತಿಗೆ ಆಚೆಯ ಬಂಡೆಗೆ ಹಾರಿ ಕಾಲು ಉಳುಕಿಸಿಕೊಂಡ. ಒಂದೆರಡು ಸಲ ಕೂಗಿದನಂತೆ. ಕೂಗಿದಾಗೆಲ್ಲ ಅದು ಮರಿಯಿದ್ದ ಆ ಓಣಿಯಿಂದ ಹೊರಗೆ ಬಂದು ಎದ್ದು ನಿಲ್ಲುತ್ತಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡು, ಅಂಗಿಯ ತೋಳು ಹರಿದು ತಲೆಗೆ ಸುತ್ತಿಕೊಂಡು, ಕಾದ ಕಲ್ಲಿನ ಮೇಲೆ ಕೂತೇ ಇದ್ದ.

"ನಿಮ್ ದನಿ ಕೇಳಿದಾಗ ಖುಷಿ ಆಗ್ಲಿಲ್ಲ ಕಣವ್ವ," ಅಂದ. "ಅಲ್ಲಿ ತನಕ ನನಗೆ ಅಷ್ಟು ಹೆದ್ರಿಕೆ ಇರ್ಲಿಲ್ಲ. ನೀನು ಆ ಸಂದಿನ ಕಡೆ ಓಡ್ದಾಗ ನನ್ ಜೀವ ಹೋತು."

ಹೃದಯದ ಪರೀಕ್ಷೆ ಮಾಡಿದ ಡಾಕ್ಟರು ಬಡಿತ ಸರಿಯಾಗಿದೆ, ನೀರು ಕಡಿಮೆಯಾಗಿದೆ ಅಷ್ಟೇ ಎಂದು ಗ್ಲೂಕೋಸ್ ಹಾಕಿಸಿದರು. ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು. ಅವ್ವನಿಗೆ ಫೋನ್ ಮಾಡಿ ಅಪ್ಪನ ಕೈಗೆ ಕೊಟ್ಟೆ. ಅವನು "ಹೂಂ, ಹೂಂ" ಅನ್ನುತ್ತಿದ್ದ. ಅವ್ವ ಏನು ಹೇಳಿದಳೋ, ಕೊನೆಗೆ ಅವನ ಕಣ್ಣು ತುಂಬಿತು. ಮುಖ ಗೋಡೆಗೆ ತಿರುಗಿಸಿದ.

ಕಾಲು ಗುಣವಾದ ಮೇಲೆ ಅಪ್ಪ ಮತ್ತೆ ಗುಡ್ಡಕ್ಕೆ ಹೋಗುವ ಮಾತೆತ್ತಿದ. ಅವ್ವ ಬೇಡ ಅನ್ನಲಿಲ್ಲ, ಒಬ್ಬನೇ ಹೋಗಬಾರದು ಅಂದಳು. ಈಗ ಚಿಕ್ಕಪ್ಪನೋ ಆ ಕುರಿಗಾಹಿಯೋ ಜೊತೆಗಿರುತ್ತಾರೆ. ಆ ಓರೆಯ ಕಡೆ ಯಾರೂ ಹೋಗುವುದಿಲ್ಲ. ನಾನು ಕೂಡ ಒಮ್ಮೆ ಹೋಗಿ ಬಂದೆ, ಶಾಸನದ ಬಂಡೆಯವರೆಗೆ ಮಾತ್ರ. ಅಪ್ಪ ಮೇಲಿನ ಬಂಡೆಗಳನ್ನು ತೋರಿಸುತ್ತ ಏನೋ ವಿವರಿಸುತ್ತಿದ್ದ. ಎಲ್ಲೋ ಒಂದು ಕಲ್ಲು ಉರುಳಿದ ಸದ್ದಾಯಿತು. ಅವನ ಮಾತು ಅರ್ಧಕ್ಕೆ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಮೇಕೆ ಬಂಡೆಯ ಹಿಂದಿನಿಂದ ಕತ್ತು ಹೊರಗೆ ಹಾಕಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ನಡಿ, ಹಸಿವಾಗ್ತೈತೆ," ಅಂದ. ನಾವು ನಡೆದದ್ದು ಹಸಿದವರು ನಡೆಯುವುದಕ್ಕಿಂತ ಸ್ವಲ್ಪ ಬೇಗ.